ಟೈಮ್‌ಶೇರ್ ಕೊಳ್ಳುವವರು ಸಿಕ್ಕಿದ್ದಾರಂತೆ, 2,850 ಡಾಲರ್ ಮೊದಲು ಕಟ್ಟಬೇಕಂತೆ. ಕಟ್ಟಲೇ?

ಪ್ರಶ್ನೆ: ನಾವು ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. 2013ರಲ್ಲಿ ಮಕ್ಕಳನ್ನು ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋದಾಗ ಒರ್ಲಾಂಡೋದ ಒಂದು ರೆಸಾರ್ಟಿನವರು ಅಗ್ಗದ ಟಿಕೆಟ್ ಆಸೆ ತೋರಿಸಿ ಕೂರಿಸಿಕೊಂಡರು. ಅವತ್ತೇ 19,000 ಡಾಲರಿಗೆ ವರ್ಷಕ್ಕೆ ಒಂದು ವಾರ ಆ ರೆಸಾರ್ಟಿನಲ್ಲಿ ಉಳಿಯುವ ಹಕ್ಕು, ಅಂದರೆ ಟೈಮ್‌ಶೇರ್ ತೆಗೆದುಕೊಂಡೆವು. ಸಾಲ ತೀರಿದೆ. ಮೇಂಟೆನೆನ್ಸ್ ಫೀ ಮಾತ್ರ ಏರುತ್ತಾ ಈಗ ವರ್ಷಕ್ಕೆ 1,400 ಡಾಲರ್ ದಾಟಿದೆ. ಮಕ್ಕಳು ಕಾಲೇಜು ಸೇರಿದರು, ಈಗ ಅಲ್ಲಿಗೆ ಹೋಗುವವರೇ ಇಲ್ಲ. ಕಳೆದ ತಿಂಗಳು ಒಬ್ಬರು ಫೋನ್ ಮಾಡಿ, ಮೆಕ್ಸಿಕೋದ ಕಂಪನಿಯೊಂದು ನಿಮ್ಮ ವಾರವನ್ನು 34,000 ಡಾಲರಿಗೆ ಕೊಳ್ಳುತ್ತದೆ ಅಂದರು. ಕರಾರುಪತ್ರ ಕಳಿಸಿದ್ದಾರೆ, ಅದರ ಪ್ರತಿ ಇದರ ಜೊತೆಗಿದೆ. ತೆರಿಗೆಗೆಂದು 2,850 ಡಾಲರ್ ನಾವು ಮೊದಲು ವೈರ್ ಮಾಡಬೇಕಂತೆ, ಮಾರಾಟ ಮುಗಿಯುವ ಕ್ಲೋಸಿಂಗ್ ದಿನ ಅದೂ ವಾಪಸ್ ಬರುತ್ತದಂತೆ. ಯಜಮಾನರು ಬೇಡವೇ ಬೇಡ ಅನ್ನುತ್ತಿದ್ದಾರೆ. ಈ ನಡುವೆ ಇದರಿಂದ ಬಿಡಿಸಿಕೊಡ್ತೀವಿ ಅನ್ನುವ ಒಂದು ಎಕ್ಸಿಟ್ ಕಂಪನಿ ಹೋಟೆಲ್ ಊಟಕ್ಕೆ ಕರೆದಿದೆ. ಬಿಡಿಸಿಕೊಳ್ಳದಿದ್ದರೆ ಇದು ನಿಮ್ಮ ಮಕ್ಕಳ ತಲೆಗೆ ಬರುತ್ತೆ ಅಂತ ಆ ಕಾಗದದಲ್ಲಿದೆ. ಮೈಸೂರಿನಲ್ಲಿ ಮಾವನವರಿಗೂ ಅವರ ಹಾಲಿಡೇ ಕ್ಲಬ್ ದುಡ್ಡು ವಾಪಸ್ ಕೊಡಿಸ್ತೀವಿ ಅಂತ ಫೋನ್ ಬರ್ತಿದೆ. ಏನು ಮಾಡುವುದು?

ಉತ್ತರ:

ಕಟ್ಟಬೇಡಿ. ನಿಮ್ಮ ಯಜಮಾನರು ಹೇಳಿದ್ದೇ ಸರಿ. ಆ ಮೆಕ್ಸಿಕೋ ಕಂಪನಿಗೆ ನಿಮ್ಮ ವಾರ ಬೇಕಿಲ್ಲ. ಬೇಕಿರುವುದು 2,850 ಡಾಲರ್, ಆಮೇಲೆ ಇನ್ನಷ್ಟು.

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂತ ಕೇಳಬಹುದು. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಇಬೇಯಲ್ಲಿ ನಿಮ್ಮ ರೆಸಾರ್ಟಿನ ಹೆಸರು ಹಾಕಿ ಹುಡುಕಿ. ಒರ್ಲಾಂಡೋದ ವಾರಗಳು 1 ಡಾಲರಿಗೆ ಬಿಕರಿಗೆ ನಿಂತಿರುವುದು ಕಾಣುತ್ತದೆ. ಕೆಲವರು ವರ್ಗಾವಣೆ ಖರ್ಚನ್ನೂ ನಾವೇ ಕೊಡ್ತೀವಿ, ದಯವಿಟ್ಟು ತೆಗೆದುಕೊಳ್ಳಿ ಅಂತ ಬರೆದಿರುತ್ತಾರೆ. ಪಕ್ಕದ ಅಂಗಡಿಯಲ್ಲಿ ಪುಕ್ಕಟೆ ಸಿಗುವ ವಾರಕ್ಕೆ ಯಾವ ಕಂಪನಿ 34,000 ಡಾಲರ್ ಕೊಡುತ್ತದೆ, ಹೇಳಿ?

ನೀವು ಕೊಟ್ಟ 19,000 ಎಲ್ಲಿ ಹೋಯಿತು ಅಂತ ಬೇಜಾರಾಗುವುದು ಸಹಜ. ಅದರಲ್ಲಿ ದೊಡ್ಡ ಪಾಲು ಮಾರಾಟದ ಖರ್ಚು. ನಿಮಗೆ ಸಿಕ್ಕ ಅಗ್ಗದ ಡಿಸ್ನಿ ಟಿಕೆಟ್, ಬೆಳಗಿನ ತಿಂಡಿ, ನಾಲ್ಕು ಗಂಟೆ ನಿಮ್ಮ ಜೊತೆ ನಗುತ್ತಾ ಕೂತಿದ್ದ ಮಾರಾಟಗಾರನ ಕಮಿಷನ್, ಎಲ್ಲ ಆ ಬೆಲೆಯಲ್ಲೇ ಇತ್ತು. ಎರಡನೇ ಕೈಯಿಂದ ಕೊಳ್ಳುವವರು ಅದಕ್ಕೆಲ್ಲ ದುಡ್ಡು ಕೊಡುವುದಿಲ್ಲ. ಜೊತೆಗೆ ಎಷ್ಟೋ ಕಂಪನಿಗಳು ರೀಸೇಲ್‌ನಲ್ಲಿ ಕೊಂಡವರಿಗೆ ಕ್ಲಬ್ಬಿನ ಕೆಲವು ಸವಲತ್ತು ಕೊಡುವುದಿಲ್ಲ. ಕೊಂಡ ದಿನದಿಂದ ಮೇಂಟೆನೆನ್ಸ್ ಫೀ ಬೇರೆ ಶುರು. ಹಾಗಾಗಿ ಬೆಲೆ ನೆಲ ಕಚ್ಚುತ್ತದೆ. ಡಿಸ್ನಿಯವರ ಸ್ವಂತ ವೆಕೇಶನ್ ಕ್ಲಬ್ಬಿನಂಥ ಕೆಲವಕ್ಕೆ ಮಾತ್ರ ರೀಸೇಲ್‌ನಲ್ಲಿ ಒಂದಷ್ಟು ಬೆಲೆ ಉಳಿದಿದೆ. ನಿಮ್ಮದು ಆ ಜಾತಿಯದಲ್ಲ.

ಈಗ ಅವರು ಕಳಿಸಿದ ಕರಾರುಪತ್ರಕ್ಕೆ ಬರೋಣ. ಅದನ್ನು ನೋಡಿದರೆ ಯಾರಾದರೂ ನಂಬಬೇಕು, ಹಾಗಿದೆ. ರೆಸಾರ್ಟಿನ ಹೆಸರು, ಯೂನಿಟ್ ನಂಬರು, ವಾರದ ನಂಬರು, ನಿಮ್ಮಿಬ್ಬರ ಹೆಸರಿನ ಕಾಗುಣಿತ, ಎಲ್ಲ ಸರಿ. ಇಷ್ಟೆಲ್ಲ ಗೊತ್ತಿದೆ ಅಂದರೆ ಅಸಲಿಯೇ ಇರಬೇಕು ಅಂತ ನೀವು ಅಂದುಕೊಂಡಿರಿ. ಆದರೆ ಒರ್ಲಾಂಡೋ ಇರುವ ಆರೆಂಜ್ ಕೌಂಟಿಯಲ್ಲಿ ಒಡೆತನದ ಪತ್ರಗಳು, ಅಂದರೆ ಡೀಡ್‌ಗಳು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ತೆಗೆದು ನೋಡಬಹುದು. ರೆಸಾರ್ಟ್ ಒಳಗಿನವರೇ ಮಾಲೀಕರ ಪಟ್ಟಿ ಮಾರಿಕೊಂಡ ಪ್ರಕರಣಗಳೂ ಇವೆ.

ಎರಡನೇ ಪುಟದ ಕೆಳಗೆ ನೋಡಿ. ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಟ್ಟುಕೊಳ್ಳುವ ಎಸ್ಕ್ರೋ ಕಂಪನಿಯ ವಿಳಾಸ ಒರ್ಲಾಂಡೋದ್ದು. ದುಡ್ಡು ಕಳಿಸಬೇಕಾದ ಬ್ಯಾಂಕ್ ಮಾತ್ರ ಮೆಕ್ಸಿಕೋದಲ್ಲಿ. ಖಾತೆ ಇರುವುದು ಎಸ್ಕ್ರೋ ಕಂಪನಿಯ ಹೆಸರಲ್ಲೂ ಅಲ್ಲ, ಕೊಳ್ಳುವವರ ಹೆಸರಲ್ಲೂ ಅಲ್ಲ. ಯಾವುದೋ ಮೂರನೇ ಟ್ರೇಡಿಂಗ್ ಕಂಪನಿಯದು. ಆ ಎಸ್ಕ್ರೋ ಕಂಪನಿಯ ಹೆಸರನ್ನು ಫ್ಲೋರಿಡಾದ ಕಂಪನಿ ನೋಂದಣಿ ತಾಣ ಸನ್‌ಬಿಜ್‌ನಲ್ಲಿ ಹುಡುಕಿ. ಬ್ರೋಕರ್ ಅಂದವರ ಲೈಸೆನ್ಸನ್ನು ರಾಜ್ಯದ ಲೈಸೆನ್ಸ್ ಇಲಾಖೆಯ ತಾಣದಲ್ಲಿ ನೋಡಿ. ಹೆಸರು ಸಿಕ್ಕರೂ ಸಮಾಧಾನ ಬೇಡ. ನಿಜವಾದ ಬ್ರೋಕರ್ ಹೆಸರನ್ನು ಕದ್ದು ಬಳಸುವುದು ಇವರ ಹಳೇ ಚಾಳಿ. ಅಲ್ಲಿ ದಾಖಲಾಗಿರುವ ವಿಳಾಸ ಹಿಡಿದು, ನೀವೇ ಬೇರೆ ಕಡೆಯಿಂದ ಫೋನ್ ನಂಬರ್ ಹುಡುಕಿ ಕರೆ ಮಾಡಿದರೆ ಬಣ್ಣ ಬಯಲಾಗುತ್ತದೆ. ಅವರು ಕೊಟ್ಟ ನಂಬರಿಗೆ ಮಾತ್ರ ಮಾಡಬೇಡಿ. 407ರಿಂದ ಶುರುವಾಗುವ ಒರ್ಲಾಂಡೋ ನಂಬರನ್ನು ಇಂಟರ್‌ನೆಟ್ ಫೋನಿನಲ್ಲಿ ಎಲ್ಲಿ ಕೂತು ಬೇಕಾದರೂ ತೋರಿಸಬಹುದು.

ಅಸಲಿ ವ್ಯವಹಾರದಲ್ಲಿ ದುಡ್ಡು ಹೋಗುವ ದಾರಿಯೇ ಬೇರೆ. ಕೊಳ್ಳುವವರು ಒಡೆತನ ವರ್ಗಾಯಿಸಿಕೊಡುವ ಟೈಟಲ್ ಕಂಪನಿಯ ಎಸ್ಕ್ರೋ ಖಾತೆಗೆ ಪೂರ್ತಿ ಹಣ ಹಾಕುತ್ತಾರೆ. ಬ್ರೋಕರ್ ಕಮಿಷನ್, ನೋಂದಣಿ ಖರ್ಚು, ತೆರಿಗೆ, ನಿಮ್ಮ ಪಾಲಿಗೆ ಏನು ಬರುತ್ತದೋ ಅದನ್ನೆಲ್ಲ ಆ ಹಣದಲ್ಲೇ ಹಿಡಿದು ಉಳಿದದ್ದನ್ನು ನಿಮಗೆ ಕೊಡುತ್ತಾರೆ. ಮಾರುವವರು ಮೊದಲು ದುಡ್ಡು ಕಳಿಸಿ, ಆಮೇಲೆ ಅದನ್ನು ವಾಪಸ್ ಪಡೆಯುವ ತೆರಿಗೆ ಇಂಥ ಅಸಲಿ ವ್ಯವಹಾರದಲ್ಲಿ ಇರುವುದಿಲ್ಲ. ಅವರಿಗೆ ಒಂದೇ ಸಾಲಿನ ಇಮೇಲ್ ಬರೆದು ನೋಡಿ: 2,850ನ್ನು ನಮ್ಮ 34,000ದಲ್ಲೇ ಮುರಿದುಕೊಂಡು ಬಾಕಿ ಕೊಡಿ. ಅದಕ್ಕೆ ನೂರೆಂಟು ನೆಪ ಬರುತ್ತವೆ. ಬರೆಯದಿದ್ದರೆ ಇನ್ನೂ ಒಳ್ಳೆಯದು.

ಒಮ್ಮೆ ಕಟ್ಟಿದರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಹೆಚ್ಚು ಕಳೆದುಕೊಳ್ಳುವುದು ಮೊದಲ ಕಂತಿನಲ್ಲಿ ಅಲ್ಲ. ಎರಡು ವಾರ ಬಿಟ್ಟು ಫೋನ್ ಬರುತ್ತದೆ. ಹಣ ಮೆಕ್ಸಿಕೋದ ಬ್ಯಾಂಕಿನಿಂದ ಹೊರಟಿದೆ, ಆದರೆ ಗಡಿ ದಾಟಲು ಇನ್ನೊಂದು ಶುಲ್ಕ ಬಾಕಿ ಇದೆ. ಅದನ್ನು ಕಟ್ಟಿದರೆ ಹಣ ಅಕ್ರಮ ವರ್ಗಾವಣೆ ತಡೆಯಲ್ಲಿ ಸಿಕ್ಕಿಕೊಂಡಿದೆ, ಬಿಡಿಸಲು ಬಾಂಡ್ ಬೇಕು ಅನ್ನುತ್ತಾರೆ. ಆಮೇಲೆ ಅಮೆರಿಕದ ಖಜಾನೆ ಇಲಾಖೆಯ ನಿರ್ಬಂಧ ವಿಭಾಗ ಓಫ್ಯಾಕ್‌ನ ಅಧಿಕಾರಿ ಅಂತ ಒಬ್ಬ ಮಾತಾಡುತ್ತಾನೆ, ನಿಮ್ಮ ಹಣ ತಡೆಹಿಡಿದಿದ್ದೇವೆ, ದಂಡ ಕಟ್ಟಿ ಅಂತ. ಕಡೆಗೆ, ಮೋಸ ಹೋದ ದುಡ್ಡನ್ನು ವಾಪಸ್ ಕೊಡಿಸುವ ವಕೀಲ ಅಂತ ಇನ್ನೊಬ್ಬ ಬರುತ್ತಾನೆ. ಅವನೂ ಅದೇ ಗುಂಪಿನವನು. ಅಷ್ಟು ಹಾಕಿಬಿಟ್ಟಿದ್ದೇವೆ, ಇದೊಂದು ಹಾಕಿದರೆ ಎಲ್ಲ ಬರುತ್ತದಲ್ಲ ಅನ್ನುವ ಆಸೆಯೇ ಇಲ್ಲಿ ಗಾಳ. ಜಾಣರು, ಲೆಕ್ಕ ಬಲ್ಲವರು, ನಿವೃತ್ತ ಎಂಜಿನಿಯರುಗಳು ಇದಕ್ಕೆ ಬಿದ್ದಿದ್ದಾರೆ.

ಫೋನಿನ ಆ ಕಡೆ ಇರುವವರು ಸಣ್ಣಪುಟ್ಟ ಕಳ್ಳರು ಅಂದುಕೊಳ್ಳಬೇಡಿ. ಮೆಕ್ಸಿಕೋದ ಪುವೆರ್ತೊ ವಯಾರ್ತ ಸುತ್ತಮುತ್ತ ಈ ದಂಧೆಯನ್ನು ಹಲಿಸ್ಕೊ ರಾಜ್ಯದ ಮಾದಕವಸ್ತು ಗುಂಪು, ಸಿಜೆಎನ್‌ಜಿ ಅನ್ನುವ ಕಾರ್ಟೆಲ್, ಕೈಗೆ ತೆಗೆದುಕೊಂಡಿದೆ ಎಂದು ಅಮೆರಿಕದ ಖಜಾನೆ ಇಲಾಖೆ ಹೇಳುತ್ತದೆ. 2023ರಿಂದ ಈಚೆಗೆ ಆ ಇಲಾಖೆ ಇಂಥ ಡಜನ್‌ಗಟ್ಟಲೆ ಕಂಪನಿಗಳ ಮೇಲೆ, ಅವುಗಳ ಲೆಕ್ಕ ಬರೆಯುವವರ ಮೇಲೂ ನಿರ್ಬಂಧ ಹೇರಿದೆ. ಎಫ್‌ಬಿಐ ಲೆಕ್ಕದಲ್ಲಿ 2019ರಿಂದ 2023ರವರೆಗೆ ಸುಮಾರು 6,000 ಅಮೆರಿಕನ್ನರು ಮೆಕ್ಸಿಕೋದ ಟೈಮ್‌ಶೇರ್ ಮೋಸದಲ್ಲಿ ಹತ್ತಿರ ಹತ್ತಿರ 30 ಕೋಟಿ ಡಾಲರ್ ಕಳೆದುಕೊಂಡಿದ್ದಾರೆ. ಇದು ದೂರು ಕೊಟ್ಟವರ ಲೆಕ್ಕ ಮಾತ್ರ. ನಾಚಿಕೆಯಿಂದ ಮನೆಯವರಿಗೂ ಹೇಳದವರು ಎಷ್ಟೋ. 2023ರ ಮೇ ತಿಂಗಳಲ್ಲಿ ಗ್ವಾದಲಹಾರ ಪಕ್ಕದ ಸಪೋಪಾನ್ ಊರಲ್ಲಿ ಇಂಥ ಕಾಲ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದ ಎಂಟು ಮಂದಿ ಹುಡುಗ ಹುಡುಗಿಯರು ಕಾಣೆಯಾದರು. ಕೆಲವೇ ದಿನದಲ್ಲಿ ಕಣಿವೆಯೊಂದರಲ್ಲಿ ಅವರ ದೇಹದ ತುಂಡುಗಳು ಚೀಲಗಳಲ್ಲಿ ಸಿಕ್ಕವು. ಆದ್ದರಿಂದ ಅವರನ್ನು ಫೋನಿನಲ್ಲಿ ಬೈಯುವುದು, ಆಟ ಆಡಿಸುವುದು, ಇದ್ಯಾವುದೂ ಬೇಡ. ಸುಮ್ನೆ ನಂಬರ್ ಬ್ಲಾಕ್ ಮಾಡಿ.

ಕಾನೂನು ಏನು ಮಾಡುತ್ತಿದೆ ಅಂತ ನೀವು ಕೇಳಿಲ್ಲ, ಆದರೆ ಅದು ಗೊತ್ತಿದ್ದರೆ ಎಕ್ಸಿಟ್ ಕಂಪನಿಯ ಊಟದ ಕರೆ ಅರ್ಥವಾಗುತ್ತದೆ. 2008ರ ಆರ್ಥಿಕ ಕುಸಿತದ ಹೊತ್ತಿಗೆ ಫ್ಲೋರಿಡಾದಲ್ಲೇ ಕಾಲ್ ಸೆಂಟರುಗಳಿದ್ದವು. ನಿಮ್ಮ ವಾರಕ್ಕೆ ಗಿರಾಕಿ ರೆಡಿ ಇದ್ದಾರೆ, ಜಾಹೀರಾತು ಶುಲ್ಕ ಕಟ್ಟಿ ಅನ್ನುತ್ತಿದ್ದರು. ಗಿರಾಕಿಯೂ ಇಲ್ಲ, ಮಾರಾಟವೂ ಇಲ್ಲ. ದೂರು ಸುರಿದವು. 2012ರಲ್ಲಿ ಫ್ಲೋರಿಡಾ ಒಂದು ರೀಸೇಲ್ ಕಾಯ್ದೆ ತಂದಿತು. ಗಿರಾಕಿ ಇದ್ದಾರೆ ಅಂದರೆ ಅವರ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ಲಿಖಿತ ಕರಾರಿಗೆ ಸಹಿ ಆಗುವ ಮುಂಚೆ ಶುಲ್ಕ ವಸೂಲಿ ಮಾಡುವಂತಿಲ್ಲ. 7 ದಿನದೊಳಗೆ ರದ್ದು ಮಾಡುವ ಹಕ್ಕು ಇರಬೇಕು. ಮರುವರ್ಷ ಗ್ರಾಹಕರ ರಕ್ಷಣೆ ನೋಡುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ರಾಜ್ಯಗಳ ಜೊತೆ ಸೇರಿ ಟೈಮ್‌ಶೇರ್ ರೀಸೇಲ್ ಮತ್ತು ಪ್ರವಾಸ ಬಹುಮಾನದ ಮೋಸಗಳ ಮೇಲೆ 191 ಕ್ರಮಗಳನ್ನು ಒಟ್ಟಿಗೆ ಪ್ರಕಟಿಸಿತು. ಒಳ್ಳೆಯ ಕಾಯ್ದೆಯೇ. ಆದರೆ ಯುರೋಪ್ ಒಕ್ಕೂಟದ 2008ರ ನಿರ್ದೇಶನ ಇನ್ನೂ ನೇರವಾಗಿದೆ. ಮಾರಾಟ ಆಗುವವರೆಗೆ ರೀಸೇಲ್ ಏಜೆಂಟ್ ಮುಂಗಡ ಅಂತ ಒಂದು ಕಾಸೂ ತೆಗೆದುಕೊಳ್ಳುವಂತಿಲ್ಲ. ಅಮೆರಿಕದಲ್ಲೂ ಅಷ್ಟು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಜಾಹೀರಾತು ಶುಲ್ಕದ ದಾರಿ ಬಿಗಿಯಾಗುತ್ತಿದ್ದಂತೆ ಮಾತು ಬದಲಾಯಿತು. ಮಾರಿಸಿಕೊಡ್ತೀವಿ ಅನ್ನುತ್ತಿದ್ದ ಕಡೆ ಬಿಡಿಸಿಕೊಡ್ತೀವಿ ಅನ್ನುವವರು ಬಂದರು. ಇವರೇ ಎಕ್ಸಿಟ್ ಕಂಪನಿಗಳು. ಎಲ್ಲರೂ ಕಳ್ಳರು ಅಂತ ನಾನು ಹೇಳುವುದಿಲ್ಲ. ಟೈಮ್‌ಶೇರ್ ಕಾನೂನು ಚೆನ್ನಾಗಿ ಬಲ್ಲ ವಕೀಲರು ಇದ್ದಾರೆ, ಸುಳ್ಳು ಹೇಳಿ ಮಾರಿದ ಪ್ರಕರಣಗಳಲ್ಲಿ ಅವರಿಂದ ಉಪಯೋಗವೂ ಆಗಿದೆ. ಆದರೆ ಮುಂಗಡವಾಗಿ 5,000, 10,000 ಡಾಲರ್ ಕೇಳಿ, ನೂರಕ್ಕೆ ನೂರು ಗ್ಯಾರಂಟಿ ಅನ್ನುವವರ ಕಥೆ ಬೇರೆ. ವಾಷಿಂಗ್ಟನ್ ರಾಜ್ಯದ ಟೈಮ್‌ಶೇರ್ ಎಕ್ಸಿಟ್ ಟೀಮ್ ಅನ್ನುವ ಕಂಪನಿಯ ಜಾಹೀರಾತು ಹಣಕಾಸು ಸಲಹೆಗಾರ ಡೇವ್ ರ್‍ಯಾಮ್ಸೀ ಅವರ ರೇಡಿಯೋ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಬರುತ್ತಿತ್ತು. 2020ರಲ್ಲಿ ಆ ರಾಜ್ಯದ ಅಟಾರ್ನಿ ಜನರಲ್ ಅದರ ಮೇಲೆ ಕೇಸು ಹಾಕಿದರು. ಮರುವರ್ಷ 26 ಲಕ್ಷ ಡಾಲರ್ ಕೊಡಲು ಕಂಪನಿ ಒಪ್ಪಿತು. 2023ರಲ್ಲಿ ಗ್ರಾಹಕರು ರ್‍ಯಾಮ್ಸೀ ಮೇಲೂ ಕೋರ್ಟಿಗೆ ಹೋದರು.

ನಿಮಗೆ ಬಂದಿರುವ ಊಟದ ಕರೆಗೆ ಇನ್ನೂ ಹತ್ತಿರದ ಪ್ರಕರಣ ಮಿಸೌರಿಯದು. 2022ರ ನವೆಂಬರಿನಲ್ಲಿ ಎಫ್‌ಟಿಸಿ ಮತ್ತು ವಿಸ್ಕಾನ್ಸಿನ್ ರಾಜ್ಯ ಅಲ್ಲಿಯ ಒಂದು ಎಕ್ಸಿಟ್ ಜಾಲದ ಮೇಲೆ ಕೇಸು ಹಾಕಿದವು. ಮನೆಗೆ ಕಾಗದ ಕಳಿಸಿ ಹೋಟೆಲಿಗೆ ಕರೆಯುವುದು, ಊಟ ಹಾಕುವುದು, ಫೀ ಏರುತ್ತಲೇ ಹೋಗುತ್ತದೆ, ಮಕ್ಕಳಿಗೂ ಅಂಟಿಕೊಳ್ಳುತ್ತದೆ ಅಂತ ಹೆದರಿಸುವುದು, ಅವತ್ತೇ ಸಹಿ ಹಾಕಿಸುವುದು. ಹೀಗೆ ಹೆಚ್ಚಾಗಿ ವಯಸ್ಸಾದವರಿಂದ 9 ಕೋಟಿ ಡಾಲರಿಗಿಂತ ಜಾಸ್ತಿ ಎತ್ತಿದ್ದರು ಎನ್ನುವುದು ಆರೋಪ. ಗಮನಿಸಿದಿರಾ? 2013ರಲ್ಲಿ ನಿಮ್ಮನ್ನು ಕೊಳ್ಳುವಂತೆ ಮಾಡಿದ್ದೂ ಇದೇ ವಿದ್ಯೆ. ಆ ಊಟಕ್ಕೆ ಹೋಗಬೇಡಿ.

ಇಂಥವರಲ್ಲಿ ಹಲವರು ಒಳಗೊಳಗೆ ಮಾಡುವುದು ಏನು ಗೊತ್ತೇ? ಮೇಂಟೆನೆನ್ಸ್ ಕಟ್ಟುವುದನ್ನು ನಿಲ್ಲಿಸಿ ಅನ್ನುತ್ತಾರೆ. ರೆಸಾರ್ಟಿನಿಂದ ಬರುವ ಕಾಗದವೆಲ್ಲ ತಮ್ಮ ವಿಳಾಸಕ್ಕೆ ಬರುವಂತೆ ಮಾಡುತ್ತಾರೆ. ಒಂದು ದಿನ ರೆಸಾರ್ಟ್ ಬಾಕಿಗಾಗಿ ಫೋರ್‌ಕ್ಲೋಶರ್ ಮಾಡಿ ವಾರವನ್ನು ಕಿತ್ತುಕೊಳ್ಳುತ್ತದೆ. ಆಗ, ನೋಡಿ, ಬಿಡಿಸಿಕೊಟ್ಟೆವು ಅನ್ನುತ್ತಾರೆ. ನಿಮ್ಮ ಕ್ರೆಡಿಟ್ ಸ್ಕೋರಿಗೆ ಬಿದ್ದ ಪೆಟ್ಟು ನಿಮ್ಮದು. ಇನ್ನು ಕೆಲವರು ಡೀಡ್ ಅನ್ನು ಒಂದು ಪೊಳ್ಳು ಕಂಪನಿಯ ಹೆಸರಿಗೆ ಬರೆಸಿಬಿಡುತ್ತಾರೆ. ಈ ವ್ಯವಹಾರದಲ್ಲಿರುವವರು ಅದನ್ನು ವೈಕಿಂಗ್ ಶಿಪ್ ಅನ್ನುತ್ತಾರೆ. ಆ ಕಂಪನಿ ಒಂದು ಪೈಸೆ ಫೀ ಕಟ್ಟುವುದಿಲ್ಲ. ರೆಸಾರ್ಟ್ ಆ ವರ್ಗಾವಣೆಯನ್ನೇ ಒಪ್ಪದೆ ಮತ್ತೆ ನಿಮ್ಮ ಬಾಗಿಲಿಗೆ ಬರಬಹುದು.

ಮಕ್ಕಳ ವಿಷಯಕ್ಕೆ ಹೆದರಬೇಡಿ. ಅಮೆರಿಕದಲ್ಲಿ ತಂದೆ ತಾಯಿಯ ಆಸ್ತಿಯನ್ನು ಬೇಡ ಅನ್ನುವ ಹಕ್ಕು ಮಕ್ಕಳಿಗಿದೆ. ಸಾಮಾನ್ಯವಾಗಿ ಅವರು ತೀರಿಕೊಂಡ 9 ತಿಂಗಳೊಳಗೆ ಬರವಣಿಗೆಯಲ್ಲಿ ನಿರಾಕರಿಸಬೇಕು. ಅಲ್ಲಿಯವರೆಗೆ ಆ ವಾರವನ್ನು ಬಳಸಿರಬಾರದು, ಅದರ ಲಾಭ ಪಡೆದಿರಬಾರದು. ನೀವು ಬಿಟ್ಟುಹೋದ ಆಸ್ತಿಯಿಂದ ಬಾಕಿ ಫೀ ಕೇಳಬಹುದು, ಅಷ್ಟೇ. ಆದರೆ ಡೀಡ್ ತೆಗೆದು ಒಮ್ಮೆ ನೋಡಿ. ಕೆಲವು ಮಾರಾಟಗಾರರು ಮಕ್ಕಳ ಹೆಸರೂ ಇರಲಿ, ನೆನಪಿಗೆ ಚೆನ್ನಾಗಿರುತ್ತೆ ಅಂತ ಪುಸಲಾಯಿಸಿ ಸೇರಿಸಿರುತ್ತಾರೆ. ಹೆಸರಿದ್ದರೆ ಅವರೂ ಮಾಲೀಕರೇ, ಆಗ ಈ ದಾರಿ ನಡೆಯುವುದಿಲ್ಲ.

ಹಾಗಾದರೆ ಹೊರಬರುವುದು ಹೇಗೆ? ನಿಮಗೆ ಮಾರಿದವರನ್ನೇ ಕೇಳಿ. ವಿಚಿತ್ರ ಅನ್ನಿಸಬಹುದು, ಆದರೆ ಈಗ ಅದೇ ಎಲ್ಲಕ್ಕಿಂತ ಅಗ್ಗದ ಬಾಗಿಲು. ಎಷ್ಟೋ ವರ್ಷ ಈ ಉದ್ಯಮ ಮಾರಿದ್ದನ್ನು ವಾಪಸ್ ತೆಗೆದುಕೊಳ್ಳುವ ಮಾತೇ ಎತ್ತುತ್ತಿರಲಿಲ್ಲ. ಎಕ್ಸಿಟ್ ಕಂಪನಿಗಳು ಗಿರಾಕಿಗಳಿಗೆ ಫೀ ನಿಲ್ಲಿಸಿ ಅನ್ನಲು ಶುರು ಮಾಡಿ ಹೊಡೆತ ಬಿದ್ದ ಮೇಲೆ ಎಚ್ಚೆತ್ತಿತು. ಒಂದು ಕಡೆ ದೊಡ್ಡ ಡೆವಲಪರ್‌ಗಳು ಎಕ್ಸಿಟ್ ಕಂಪನಿಗಳ ಮೇಲೆ ಸಾಲುಸಾಲು ಕೇಸು ಹಾಕಿದರು. ಇನ್ನೊಂದು ಕಡೆ ಅವರ ಸಂಘ ಆರ್ಡಾ, ಅಂದರೆ ಅಮೆರಿಕನ್ ರೆಸಾರ್ಟ್ ಡೆವಲಪ್‌ಮೆಂಟ್ ಅಸೋಸಿಯೇಷನ್, ರೆಸ್ಪಾನ್ಸಿಬಲ್ ಎಕ್ಸಿಟ್ ಅನ್ನುವ ತಾಣ ತೆರೆದು ಯಾವ ಕಂಪನಿಯಲ್ಲಿ ಯಾರನ್ನು ಕೇಳಬೇಕು ಅಂತ ಹಾಕಿದೆ. ವಿಂಡಮ್, ಹಿಲ್ಟನ್ ಗ್ರ್ಯಾಂಡ್ ವೆಕೇಶನ್ಸ್, ಹಾಲಿಡೇ ಇನ್ ಕ್ಲಬ್‌ನಂಥವರಿಗೆ ತಮ್ಮದೇ ಎಕ್ಸಿಟ್ ವ್ಯವಸ್ಥೆ ಇದೆ.

ಇದನ್ನು ಒಳ್ಳೆಯತನ ಅಂತ ನಾನು ಹೊಗಳಲಾರೆ. ವಾಪಸ್ ತೆಗೆದುಕೊಳ್ಳಲೇಬೇಕು ಅನ್ನುವ ಕಟ್ಟುಪಾಡು ಅವರಿಗಿಲ್ಲ. ಸಾಲ ಬಾಕಿ ಇದ್ದವರನ್ನು, ಅಂದರೆ ಹೆಚ್ಚು ಕಷ್ಟದಲ್ಲಿರುವವರನ್ನೇ, ಸಾಮಾನ್ಯವಾಗಿ ಹೊರಗಿಡುತ್ತಾರೆ. ರೀಸೇಲ್ ಕೊಂಡವರಿಗೆ ಸವಲತ್ತು ಕತ್ತರಿಸಿ ಹಳೇ ವಾರಗಳ ಬೆಲೆ ಬೀಳಿಸಿದ್ದೂ ಇವರೇ. ನ್ಯಾಯವಾದ ಬೆಲೆಗೆ ಮಾರಲು ಒಂದು ಮಾರುಕಟ್ಟೆ ಇದ್ದಿದ್ದರೆ ಆ ಮೆಕ್ಸಿಕೋ ಫೋನಿಗೆ ನೀವು ಕಿವಿ ಕೊಡುತ್ತಲೇ ಇರಲಿಲ್ಲ. ಕಳ್ಳರನ್ನು ಹಿಡಿಯುವುದರಲ್ಲಿ ಉದ್ಯಮ ತೋರಿಸುವ ಹುರುಪು ಈ ಕಡೆ ಕಾಣುವುದಿಲ್ಲ.

ಅದೇನೇ ಇರಲಿ, ನಿಮ್ಮ ಸಾಲ ತೀರಿದೆ, ಫೀ ಕಟ್ಟಿದ್ದೀರಿ. ಅವರು ಕೇಳುವ ಎರಡು ಮುಖ್ಯ ಷರತ್ತು ಇವೇ. ಮೂಲ ಕರಾರಿನಲ್ಲಿರುವ ನಂಬರಿಗೆ ಫೋನ್ ಮಾಡಿ, ಡೀಡ್-ಬ್ಯಾಕ್ ಅಥವಾ ಸರೆಂಡರ್, ಅಂದರೆ ವಾರವನ್ನು ಅವರಿಗೇ ಹಿಂದಿರುಗಿಸುವುದು, ಬೇಕು ಅಂತ ಹೇಳಿ. ಮಾರಾಟ ವಿಭಾಗಕ್ಕೆ ತಿರುಗಿಸಿದರೆ ಒಪ್ಪಬೇಡಿ. ಅವರು ವಾರದ ಬದಲು ಪಾಯಿಂಟ್ಸಿಗೆ ಬದಲಾಯಿಸಿಕೊಳ್ಳಿ ಅಂತ ಇನ್ನೊಂದು ಸಾಲ ಹೊರಿಸಲು ನೋಡುತ್ತಾರೆ. ಫೋನಿನಲ್ಲಿ ಆದ ಮಾತನ್ನು ಅವತ್ತೇ ಇಮೇಲ್ ಮಾಡಿ. ಉತ್ತರ ಬರುವವರೆಗೆ ಫೀ ನಿಲ್ಲಿಸಬೇಡಿ. ಮುಗಿದ ಮೇಲೆ ಡೀಡ್ ಕೌಂಟಿಯಲ್ಲಿ ನೋಂದಣಿಯಾದ ಪ್ರತಿ, ಇನ್ನು ಬಾಕಿ ಏನೂ ಇಲ್ಲ ಅನ್ನುವ ರೆಸಾರ್ಟಿನ ಪತ್ರ, ಎರಡೂ ಕೈಗೆ ಬರಬೇಕು. ಕೆಲವರು ಇದಕ್ಕೆ ಶುಲ್ಕ ಕೇಳುತ್ತಾರೆ. ಒಂದು ವರ್ಷದ ಫೀಗಿಂತ ಕಡಿಮೆಯಿದ್ದರೆ ಕೊಟ್ಟು ಕೈತೊಳೆದುಕೊಳ್ಳಿ ಅನ್ನುವುದು ನನ್ನ ಸಲಹೆ.

ಅವರು ಒಪ್ಪದಿದ್ದರೆ ಪುಕ್ಕಟೆ ಕೊಡುವುದು ಎರಡನೇ ದಾರಿ. ಟಗ್ ಎಂದೇ ಹೆಸರಾದ ಟೈಮ್‌ಶೇರ್ ಯೂಸರ್ಸ್ ಗ್ರೂಪ್ 1993ರಿಂದ ನಡೆಯುತ್ತಿದೆ, ಮಾಲೀಕರೇ ನಡೆಸುವುದು. ಅಲ್ಲಿ ಪುಕ್ಕಟೆ ಕೊಡುವ ವಾರಗಳಿಗೆ ಗಿರಾಕಿ ಸಿಗುವುದುಂಟು. ಬ್ರೋಕರ್ ಬೇಕಿದ್ದರೆ ಲೈಸೆನ್ಸ್ ಇದ್ದು, ಮಾರಾಟ ಆದ ಮೇಲೆ ಮಾತ್ರ ಕಮಿಷನ್ ತೆಗೆದುಕೊಳ್ಳುವವರನ್ನು ಹಿಡಿಯಿರಿ. ಲೈಸೆನ್ಸ್ ಇರುವ ರೀಸೇಲ್ ಬ್ರೋಕರ್‌ಗಳ ಸಂಘವೇ ಒಂದಿದೆ.

ಮೆಕ್ಸಿಕೋದವರು ಕಳಿಸಿದ ಕಾಗದಕ್ಕೆ ಸಹಿ ಹಾಕಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಬರೆದು ಕಳಿಸಿದ್ದೀರಾ? ಪ್ರಶ್ನೆಯಲ್ಲಿ ಹೇಳಿಲ್ಲ. ಕಳಿಸಿದ್ದರೆ ಈಗಲೇ ಸಾಲದ ದಾಖಲೆ ಇಡುವ ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ, ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ತೆಗೆಯದಂತೆ ತಡೆಯುವ ಕ್ರೆಡಿಟ್ ಫ್ರೀಜ್ ಹಾಕಿ. ಅದು ಉಚಿತ. ದುಡ್ಡು ಕಳಿಸದಿದ್ದರೂ ಎಫ್‌ಬಿಐನ ಇಂಟರ್‌ನೆಟ್ ಅಪರಾಧಗಳ ದೂರಿನ ತಾಣ ಐಸಿ3ಯಲ್ಲಿ ಆ ಬ್ಯಾಂಕ್ ಖಾತೆಯ ವಿವರ ಹಾಕಿ ದೂರು ಕೊಡಿ. ಅವರಿಗೆ ಬೇಕಾಗುವುದೇ ಆ ಖಾತೆ ನಂಬರ್. ನಿಮ್ಮ ಪರಿಚಯದವರು ಯಾರಾದರೂ ಆಗಲೇ ವೈರ್ ಮಾಡಿದ್ದರೆ ಅದೇ ಗಂಟೆ ಬ್ಯಾಂಕಿಗೆ ಹೇಳಿ ವಾಪಸ್ ಕರೆಸಲು ಕೇಳಬೇಕು, ಕೂಡಲೇ ಐಸಿ3ಗೆ ಬರೆಯಬೇಕು. ಮೂರು ದಿನ ದಾಟಿದರೆ ಆಸೆ ಬಹಳ ಕಡಿಮೆ.

ಕೊನೆಗೆ ಮೈಸೂರಿನ ಮಾವನವರ ವಿಷಯ. ಭಾರತದ ಹಾಲಿಡೇ ಕ್ಲಬ್‌ಗಳಲ್ಲಿ ಸಾಮಾನ್ಯವಾಗಿ ಡೀಡ್ ಇರುವುದಿಲ್ಲ. ಇಷ್ಟು ವರ್ಷ ಬಳಸುವ ಹಕ್ಕು ಮಾತ್ರ, ಹೆಚ್ಚಾಗಿ 25 ವರ್ಷ. ಹಾಗಾಗಿ ಮೊದಲು ಇನ್ನೆಷ್ಟು ವರ್ಷ ಉಳಿದಿದೆ ಅಂತ ಕರಾರು ನೋಡಲಿ. ದುಡ್ಡು ವಾಪಸ್ ಕೊಡಿಸ್ತೀವಿ, ಅದಕ್ಕೆ ಮೊದಲು ಜಿಎಸ್‌ಟಿ ಕಟ್ಟಿ ಅಂದರೆ ಅಲ್ಲಿಗೇ ಫೋನ್ ಇಡಲಿ. ವಾಪಸ್ ಬರುವ ದುಡ್ಡಿಗೆ ಪಡೆಯುವವರು ಮುಂಗಡ ಜಿಎಸ್‌ಟಿ ಕಟ್ಟುವ ಪದ್ಧತಿ ಇಲ್ಲ. ಓಟಿಪಿ ಹೇಳಬಾರದು, ಕಳಿಸಿದ ಆ್ಯಪ್ ಹಾಕಿಕೊಳ್ಳಬಾರದು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕ್ಲಬ್ಬಿನ ಮೇಲೇ ನಿಜವಾದ ತಕರಾರು ಇದ್ದರೆ, ರೂಮ್ ಕೊಡುತ್ತಿಲ್ಲ, ಹೇಳಿದ್ದೊಂದು ಮಾಡಿದ್ದೊಂದು ಅನ್ನುವಂಥದ್ದು, ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವಿರುವ ಊರಲ್ಲೇ ಕೇಸು ಹಾಕಬಹುದು. ಕ್ಲಬ್ಬಿನ ಆಫೀಸು ಮುಂಬೈಯಲ್ಲಿರಲಿ ಚೆನ್ನೈಯಲ್ಲಿರಲಿ, ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗ ಸಾಕು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು, ಆದ್ದರಿಂದ ಅವರ ಹತ್ತಿರ ಇರುವ ರಸೀದಿ, ಇಮೇಲ್‌ಗಳ ತಾರೀಖನ್ನು ಮುಂದಿನ ಸಲ ಫೋನ್ ಮಾಡಿದಾಗ ಕೇಳಿ ಬರೆದಿಟ್ಟುಕೊಳ್ಳಿ.